ಸಂಜೆಯ ಹಡಗು ನಿಲ್ಲಿಸಿದ ಮಂತ್ರಿಗಳಿಗೆ, ಭಾನುವಾರಕ್ಕೆ ಮೊದಲು

ಮಾನ್ಯ ಪ್ರಾದೇಶಿಕ ವ್ಯವಹಾರಗಳ ಸಚಿವರೇ,

ನಮ್ಮ ಅಹ್ರು ದ್ವೀಪದ ಸಂಜೆಯ ಹಡಗನ್ನು ತಾವು ನಿಲ್ಲಿಸಿದ್ದೀರಿ; ಅದನ್ನು ವಾಪಸು ಕೊಡಿ. ಕುಶಲ ವಿಚಾರಿಸುವ ಮನಸ್ಸು ನನಗಿಲ್ಲ.

ಮೊದಲು ರಾಜಧಾನಿ ತಾಲಿನ್ನಿನಲ್ಲಿ ಬ್ಯಾಂಕು ಕಟ್ಟಿ ನಮ್ಮ ಖಾತೆಗಳನ್ನು ನೋಡಿಕೊಂಡಿರಿ. ಈಗ ಸರ್ಕಾರ ಸೇರಿ ಸ್ವಂತಕ್ಕೊಂದು ಖಾತೆ ಮಾಡಿಕೊಂಡಿದ್ದೀರಿ. ವೃತ್ತಿ ಬದಲಾಯಿತು, ವರಸೆ ಬದಲಾಗಲಿಲ್ಲ. ನಮ್ಮೂರ ಶಾಖೆ ಮುಚ್ಚಿದಾಗ ‘ಲಾಭವಿಲ್ಲ’ ಎಂದಿರಿ, ಹಡಗು ನಿಲ್ಲಿಸಿದಾಗಲೂ ಅದನ್ನೇ ಎಂದಿರಿ. ಸತ್ತವರು ಟಿಕೆಟ್ ಕೊಳ್ಳುವುದಿಲ್ಲವಲ್ಲ, ಲಾಭ ಎಲ್ಲಿಂದ ಬರಬೇಕು?

ನನ್ನ ತಂದೆ ವಾಂಬೊಲಾ ಈ ಜನವರಿಯಲ್ಲಿ ಆಚೆ ದಡದ ಆಸ್ಪತ್ರೆಗೆ ಸೇರಿದ ದಿನವೇ ತೀರಿಕೊಂಡರು. ಊರಿನವರು ಪದ್ಧತಿಯಂತೆ ಬಂದರಿನಿಂದ ಚರ್ಚಿನವರೆಗೆ ದಾರಿಯುದ್ದಕ್ಕೂ ಸ್ಪ್ರೂಸ್ ಮರದ ಹಸಿರು ರೆಂಬೆ ಹಾಸಿ ಕಾದರು. ಶವದ ವಾಹನ ಆಚೆ ಬಂದರು ತಲುಪುವಷ್ಟರಲ್ಲಿ ಮಧ್ಯಾಹ್ನದ ಹಡಗು ಹೊರಟುಹೋಗಿತ್ತು. ಸಂಜೆಯದು ತಮ್ಮ ಕೃಪೆಯಿಂದ ಇರಲೇ ಇಲ್ಲ. ಮರುದಿನದವರೆಗೆ ಅಪ್ಪನ ಪೆಟ್ಟಿಗೆ ಬಂದರಿನ ಸರಕಿನ ಕೋಣೆಯಲ್ಲಿ, ‘ದ್ವೀಪಗಳ ಗೆಳೆಯ’ ಎಂಬ ತಮ್ಮ ನಗುಮುಖದ ಪೋಸ್ಟರಿನ ಕೆಳಗಿತ್ತು. ಅವರು ಬರುವ ಹೊತ್ತಿಗೆ ರೆಂಬೆಗಳ ಮೇಲೆ ಹಿಮ ಬಿದ್ದು ಹಾಸಿದ ಗುರುತೂ ಇರಲಿಲ್ಲ. ಅಮ್ಮ ಅಂದದ್ದು ಇಷ್ಟೇ: “ಬದುಕಿರೋವಾಗ ಒಂದು ದಿನಾನೂ ಮನೆ ಬಿಟ್ಟು ಮಲಗಿದವರಲ್ಲ.”

ಅದೇ ಅಮ್ಮನ ಬಳಿಗೆ ಮೊನ್ನೆ ತಾವು ಬಂದಿರಿ. ಊರ ಸಭಾಂಗಣದಲ್ಲಿ ಕೇಕು, ಕಾಫಿ, ಲ್ಯಾಪ್‌ಟಾಪು. ಭಾನುವಾರದ ಚುನಾವಣೆಗೆ ವಯಸ್ಸಾದವರು ಮುಂಚಿತವಾಗಿ ಇ-ಮತ ಹಾಕಲು ‘ನೆರವು’. ನೆರವು ಎಷ್ಟು ಹತ್ತಿರದ್ದೆಂದರೆ ತಾವು ಅಮ್ಮನ ಹೆಗಲ ಮೇಲಿಂದಲೇ ಪರದೆ ನೋಡುತ್ತಿದ್ದಿರಿ.

“ಯಾರನ್ನ ಒತ್ತಲಪ್ಪ?” ಅಮ್ಮ ಕೇಳಿದರು.

“ಅದು ನಿಮ್ಮಿಷ್ಟ, ಅಮ್ಮಾ,” ಎಂದಿರಿ. ಬೆರಳು ಮಾತ್ರ ತಮ್ಮ ಹೆಸರಿನ ಮೇಲಿತ್ತು.

“ಓಹೋ, ಇದು ನೀನೇನಾ? ಬಂದರಿನ ಫೋಟೋದಲ್ಲಿ ಕೂದಲು ಜಾಸ್ತಿ ಇತ್ತಲ್ಲ.”

ಒತ್ತಿದರು. ಸಾಲಿನಲ್ಲಿದ್ದವರೆಲ್ಲ ಒತ್ತಿದರು. ಕೇಕೂ ಚೆನ್ನಾಗಿತ್ತು. ಹೊರಡುವಾಗ ತಾವು ಸಹಾಯಕರಿಗೆ “ಅಹ್ರು ನಮ್ದಾಯ್ತು ಬಿಡಪ್ಪ” ಎಂದದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಸ್ವಾಮಿ, ಮತವನ್ನು ತಾವು ಠೇವಣಿ ಎಂದುಕೊಂಡಿರಿ, ಅವಧಿ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ ಎಂದು. ಆದರೆ ಚುನಾವಣೆಯಲ್ಲಿ ಠೇವಣಿ ಕಳೆದುಕೊಳ್ಳುವುದು ಗ್ರಾಹಕರಲ್ಲ. ಭಾನುವಾರ ಮತಗಟ್ಟೆಗೆ ಹೋಗಿ ಕಾಗದದ ಮತ ಹಾಕಿದರೆ ಮೊದಲಿನ ಇ-ಮತ ರದ್ದಾಗುತ್ತದೆ. ಈ ಕಾನೂನು ತಮಗೆ ಮರೆತುಹೋಯಿತೇ, ಅಥವಾ ಮುದುಕರಿಗೆ ಗೊತ್ತಿರಲಾರದು ಎಂದುಕೊಂಡಿರೇ? ಅಮ್ಮನಿಗೆ ಒತ್ತುವಾಗಲೇ ಗೊತ್ತಿತ್ತು. ಸಾಲಿನಲ್ಲಿದ್ದವರಿಗೂ ಗೊತ್ತಿತ್ತು. ಭಾನುವಾರ ಬೆಳಗ್ಗೆ ಎಲ್ಲರೂ ಒಟ್ಟಿಗೇ ಹೊರಡುತ್ತಿದ್ದೇವೆ.

ಇದನ್ನು ಪತ್ರಿಕೆಯಲ್ಲಿ ಮೊದಲೇ ಹೇಳುವುದೇಕೆ? ಕಾಯುವುದೆಂದರೆ ಹೇಗಿರುತ್ತದೆ ಎಂದು ತಮಗೂ ತಿಳಿಯಲಿ ಎಂದು.

ಬೇಡಿಕೆ ಒಂದೇ. ಕುರ್ಚಿ ಬಿಡುವ ಮೊದಲು ಸಂಜೆಯ ಹಡಗಿನ ಆದೇಶಕ್ಕೆ ಸಹಿ ಹಾಕಿ ಹೋಗಿ. ಅಹ್ರುವಿನಲ್ಲಿ ಕಳೆದುಕೊಳ್ಳಲು ತಮಗೆ ಏನೂ ಉಳಿದಿಲ್ಲ, ಆದ್ದರಿಂದ ಧೈರ್ಯವಾಗಿ ಹಾಕಬಹುದು. ಸೋಲುವವರ ಸಹಿಗೂ ಹಡಗು ಹೊರಡುತ್ತದೆ.

ಇಂತಿ,
ಸದ್ಯಕ್ಕೆ ಮಧ್ಯಾಹ್ನದ ಹಡಗನ್ನೇ ನಂಬಿಕೊಂಡಿರುವ
ವೈಕೆ, ಅಹ್ರು ದ್ವೀಪ