ಊಲ್ಕಾನ್ ಅಪಾ ಕೊಟ್ಟ ಐದು ಅಂಕ

ಅಕ್ಟೋಬರ್ 7
ಮೂವತ್ತೊಂದು ರೋಗಿಗಳು. ನಾನೊಬ್ಬಳೇ. ಜೊತೆಗಿದ್ದ ಕೆಂಜೆ ನರ್ಸ್ ಕೆಲಸ ಬಿಟ್ಟು ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆ ಸೇರಿ ಐದು ವಾರ. ಅವಳ ಕೋಣೆಗಳೂ ನನ್ನ ತಲೆಗೇ. ಇಂಜೆಕ್ಷನ್ ಮುಗಿಸುವಷ್ಟರಲ್ಲಿ ಡ್ರಿಪ್ ಖಾಲಿ, ಡ್ರಿಪ್ ಬದಲಿಸುವಷ್ಟರಲ್ಲಿ ಯಾರಿಗೋ ವಾಂತಿ... ಹತ್ತೊಂಬತ್ತು ವರ್ಷದ ಕೆಲಸ. ಮೊದಲೆಲ್ಲ ಹಾಡು ಗುನುಗುತ್ತ ಮಾಡುತ್ತಿದ್ದೆ.

ಹಿರಿಯ ನರ್ಸ್ ತುರ್ಸುನ್ ಎಜೆ, ನಮಗೆಲ್ಲ ಅಕ್ಕ, ಫಾರಂಗಳ ಕಟ್ಟು ತಂದಿಟ್ಟರು. ನಮ್ಮ ಸೇವೆಗೆ ರೋಗಿಗಳು ಅಂಕ ಕೊಡಬೇಕಂತೆ.
"ಸ್ವಲ್ಪ ನಗು ಕಣೆ ಜಿಪಾರ್. ನಿನ್ನ ಮುಖ ನೋಡಿದ್ರೆ ಹುಷಾರಾಗಿರೋರಿಗೂ ಜ್ವರ ಬರುತ್ತೆ."
"ನಗೋಕೆ ಬೇರೆಯವಳನ್ನ ನೇಮಿಸಿ, ಎಜೆ."

ಅಕ್ಟೋಬರ್ 9
ಆರನೇ ಕೋಣೆಯ ಊಲ್ಕಾನ್ ಅಪಾ, ವಾರ್ಡಿಗೆಲ್ಲ ಅಜ್ಜಿ. ಹೃದಯದ ಕಾಯಿಲೆ, ಕಾಲು ಬಾತಿದೆ. ಕಣ್ಣಿಗೆ ಪೊರೆ, ಓದಲಾಗದು. ಅವರ ಫಾರಂ ನಾನೇ ತುಂಬಬೇಕಾಯಿತು.
"ಕರೆದಾಗ ನರ್ಸ್ ಬರ್ತಾರಾ, ಅಪಾ?"
"ನಾನು ಕರೆಯೋದೇ ಇಲ್ವಲ್ಲ ಮಗಳೇ. ನಿನ್ನ ಹೆಜ್ಜೆ ಸಪ್ಪಳ ಕೇಳ್ತೀನಿ, ಕಾಲು ಎಳ್ಕೊಂಡು ಓಡಾಡ್ತೀಯ. ನಾನೂ ಇನ್ನೊಂದು ಕೆಲಸ ಹೇಳಿ ಸುಸ್ತು ಮಾಡ್ಲಾ? ಎಲ್ಲ ಚೆನ್ನಾಗಿದೆ ಅಂತ ಬರ್ಕೋ."
'ಹೌದು, ಬರುತ್ತಾರೆ' ಎಂದು ಬರೆದೆ. ಐದಕ್ಕೆ ಐದು. ಇನ್ನೂ ಹನ್ನೆರಡು ಫಾರಂ ಬಾಕಿ ಇತ್ತು.

ಅಕ್ಟೋಬರ್ 13, ಮಧ್ಯಾಹ್ನ
ಅಪಾ ಬಿದ್ದರು. ಒಬ್ಬರೇ ಎದ್ದು ಶೌಚಾಲಯಕ್ಕೆ ಹೊರಟಿದ್ದರು. ಸೊಂಟದ ಮೂಳೆ ಮುರಿದಿದೆ.
ಸ್ಟ್ರೆಚರ್ ಬರುವವರೆಗೆ ನೆಲದ ಮೇಲೆ ಅವರ ತಲೆ ಹಿಡಿದು ಕೂತಿದ್ದೆ.
"ಯಾಕೆ ಕರೀಲಿಲ್ಲ, ಅಪಾ?"
"ನೀನು ಚಹಾ ಕುಡಿಯೋಕೆ ಕೂತೆ... ಕುರ್ಚಿ ಎಳೆದಿದ್ದು ಕೇಳಿಸ್ತು. ಬೆಳಗ್ಗೆಯಿಂದ ಈಗಷ್ಟೇ ಕೂತಿದ್ದಾಳೆ, ಪಾಪ, ಅಂದ್ಕೊಂಡೆ."

ಅಕ್ಟೋಬರ್ 14
ಮುಖ್ಯ ವೈದ್ಯರು ಕರೆಸಿದರು. ವರದಿ ಆಗಲೇ ಟೈಪ್ ಆಗಿತ್ತು — ರೋಗಿ ಸೂಚನೆ ಮೀರಿ ಎದ್ದರು ಅಂತ. ಜೊತೆಗೆ ಅಪಾ ಅವರ ಫಾರಂ.
"ಕರೆದ್ರೆ ಬರ್ತಾರೆ ಅಂತ ಅವರೇ ಹೇಳಿದಾರಲ್ಲ. ಸಹಿ ಹಾಕು, ನಿನಗೂ ಒಳ್ಳೇದು."
ಫಾರಂನಲ್ಲಿದ್ದ ಕೈಬರಹ ನನ್ನದು. ನಾಳೆ ಹಾಕುತ್ತೇನೆ ಎಂದು ಬಂದೆ.
ನಾನು ದಣಿದದ್ದಕ್ಕೆ ಅವರು ಸುಮ್ಮನಿದ್ದರು. ಅವರು ಸುಮ್ಮನಿದ್ದದ್ದಕ್ಕೆ ನನಗೆ ಐದು ಅಂಕ.

ಅಕ್ಟೋಬರ್ 15
ವರದಿಗೆ ಸಹಿ ಹಾಕದೆ, ಬೇರೆ ಹಾಳೆಯಲ್ಲಿ ಅಪಾ ಹೇಳಿದ್ದನ್ನೆಲ್ಲ ಬರೆದೆ. ನಾನು ಫಾರಂನಲ್ಲಿ ಬರೆದದ್ದು ಸುಳ್ಳೆಂದೂ ಬರೆದೆ. ತುರ್ಸುನ್ ಎಜೆ ನಿಂತೇ ಓದಿದರು.
"ಇದು ಮೇಲೆ ಹೋದ್ರೆ ಕೆಲಸ ಹೋಗುತ್ತೆ ಕಣೆ."
"ಗೊತ್ತು."
ಹಾಳೆಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನು ಕೇಳಿದರು. ಕೆಳಗೆ ಬರೆದರು: 'ಇನ್ನೊಬ್ಬ ನರ್ಸ್ ಬೇಕೆಂದು ಎರಡು ಸಲ ಬರೆದು ಕೇಳಿದ್ದೆ. ಉತ್ತರ ಬರಲಿಲ್ಲ.' ಸಹಿ ಹಾಕಿದರು. ಅವರ ನಿವೃತ್ತಿಗೆ ಇನ್ನು ಎಂಟೇ ತಿಂಗಳು.

ಅಕ್ಟೋಬರ್ 22
ಇಬ್ಬರಿಗೂ ಲಿಖಿತ ಎಚ್ಚರಿಕೆ. ಕೆಲಸ ಉಳಿಯಿತು. ವರದಿಯಲ್ಲಿ ರೋಗಿಯ ತಪ್ಪು ಎಂಬ ಸಾಲು ತೆಗೆದಿದ್ದಾರೆ. ಮಕ್ಕಳ ವಾರ್ಡಿನಿಂದ ಒಬ್ಬಳು ವಾರಕ್ಕೆ ಮೂರು ದಿನ ಬರುತ್ತಾಳಂತೆ. ಮೂರೇ ದಿನ.

ಅಕ್ಟೋಬರ್ 25
ಡ್ಯೂಟಿ ಮುಗಿಸಿ ಅಂಗಳದಾಚೆಯ ಶಸ್ತ್ರಚಿಕಿತ್ಸೆ ವಾರ್ಡಿಗೆ ಹೋದೆ. ಅಪಾ ಇಳಿದುಹೋಗಿದ್ದಾರೆ. ಇನ್ನು ನಡೆಯುವುದು ಅನುಮಾನ ಎಂದರು ಡಾಕ್ಟರು. ಕ್ಷಮೆ ಕೇಳಬೇಕೆಂದು ಹೋದವಳು ಅವರ ಹೊದಿಕೆ ಸರಿಪಡಿಸುತ್ತ ನಿಂತೆ.
"ಜಿಪಾರ್, ನೀನಾ? ಬೆನ್ನು ಉರೀತಿದೆ. ಮಗ್ಗುಲು ಬದಲಿಸ್ತೀಯಾ?"
ಇಷ್ಟು ದಿನದಲ್ಲಿ ಅವರು ನನ್ನಿಂದ ಸಹಾಯ ಕೇಳಿದ್ದು ಇದೇ ಮೊದಲು. ಅಲ್ಲಿಯ ನರ್ಸನ್ನೂ ಕರೆದು ಇಬ್ಬರೂ ಮೆಲ್ಲಗೆ ತಿರುಗಿಸಿದೆವು. ನರಳಿದರು. ಬೆನ್ನು ಒರೆಸಿ ಪೌಡರ್ ಹಾಕಿದೆ. ಅವಸರ ಮಾಡಲಿಲ್ಲ.
"ನಾಳೆ ಬರ್ತೀಯಾ?"
"ಬರ್ತೀನಿ, ಅಪಾ."
ನಾಳೆ ರಜೆ. ಬೆಳಗ್ಗೆಯೇ ಎದ್ದು ಕುರಿ ಸೂಪು ಮಾಡಿ ಒಯ್ಯಬೇಕು, ಅವರ ಹೃದಯಕ್ಕೆ ಆಗದ ಉಪ್ಪು ಹಾಕದೆ.