ಎರಡನೇ ಚೌಕ

ಫೆಬ್ರವರಿ 3, ಸಂಜೆ 7

ಲೈಬ್ರರಿಯಲ್ಲಿ ಕಂಪ್ಯೂಟರ್ ಕ್ಲಾಸಿನ ಐದನೇ ದಿನ. ಇವತ್ತು ವೃತ್ತ. ಪರದೆ ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 200. ಸೊನ್ನೆ ಇರುವುದು ಮೇಲೆ, ಎಡಮೂಲೆಯಲ್ಲಿ. ಕೆಳಗಿಳಿದಷ್ಟೂ ಸಂಖ್ಯೆ ದೊಡ್ಡದು. ಪಕ್ಕದ ಸೀಟಿನ ರಿಟೈರ್ಡ್ ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡರು, "ಸ್ಕೂಲಲ್ಲಿ ಮೇಲಕ್ಕೆ ಹೋದ್ರೆ ಜಾಸ್ತಿ ಅಂದಿದ್ರಲ್ಲಮ್ಮ?" ನನಗೇನೂ ತಕರಾರಿಲ್ಲ. ಮೂವತ್ತು ವರ್ಷ ಭುಜದಿಂದ ಕೆಳಕ್ಕೇ ಟೇಪು ಹಿಡಿದವಳು. ಬಟ್ಟೆಗೂ ಸೊನ್ನೆ ಮೇಲೇ.

ಸರ್ಕಲ್, ನಡುಬಿಂದು 160, 100, ಆಮೇಲೆ ತ್ರಿಜ್ಯ 40. ಎಂಟರ್. ಬಂತು! ಸೀಮೆಸುಣ್ಣವಿಲ್ಲ, ಟೇಪಿಲ್ಲ, ಒಂದೇ ಏಟಿಗೆ ಗುಂಡಗೆ. ಕುಣಿಯುವಷ್ಟು ಖುಷಿ. ಕೂಡಲೇ ಅಕ್ಕನ ನೆನಪು... ಖುಷಿ ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಅವಳಿಗೆ ಊಟ ಮಾಡಿಸಿದೆ. ಆರು ಚಮಚ. ಏಳನೆಯದಕ್ಕೆ ಬಾಯಿ ಮುಚ್ಚಿದಳು. ಸಾಕೋ, ಬಿಸಿಯೋ, ಉಪ್ಪು ಕಡಿಮೆಯೋ, ಯಾರಿಗೆ ಗೊತ್ತು. ಅದಕ್ಕೇ ತಾನೆ ಈ ವಯಸ್ಸಿನಲ್ಲಿ ಕ್ಲಾಸು.

ಫೆಬ್ರವರಿ 6

ಟೀಚರ್‌ಗೆ ಇವತ್ತು ಬಿಡಿಸಿ ಹೇಳಿದೆ. ಅಕ್ಕನಿಗೆ ಸ್ಟ್ರೋಕ್ ಆಗಿ ಐದು ತಿಂಗಳು. ಮಾತಿಲ್ಲ. ಬಲಗಡೆ ಪೂರ್ತಿ ಇಲ್ಲ. ಕತ್ತು ತನ್ನಷ್ಟಕ್ಕೆ ಓಲಾಡುವುದರಿಂದ ತಲೆಯಾಡಿಸಿದರೂ ಹೌದೋ ಅಲ್ಲವೋ ತಿಳಿಯುವುದಿಲ್ಲ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಎಡಗೈ ಎತ್ತಲಾರಳು, ಆದರೆ ಮೆಲ್ಲಗೆ ಜಾರಿಸಿ ತೋರುಬೆರಳಿನಲ್ಲಿ ಒಂದು ಕೀ ಒತ್ತಬಲ್ಲಳು.

ಇನ್‌ಪುಟ್ ಎಂಬ ಆಜ್ಞೆ ಬರೆದಿದ್ದೆ. ಅದು ಎಂಟರ್ ಒತ್ತುವವರೆಗೂ ಕಾಯುತ್ತಾ ಕೂರುತ್ತದೆ. ಅಕ್ಕನಿಗೆ ಎಂಟರ್ ಬಲು ದೂರ. ಟೀಚರ್ ಬೇರೊಂದು ಹೇಳಿಕೊಟ್ಟರು — ಇನ್‌ಕೀ. ಒತ್ತಿದ್ದೇ ತಡ, ಹಿಡಿದುಕೊಳ್ಳುತ್ತದೆ. "ಅವರಿಗೆ ಒಂದೇ ಏಟು ಸಾಕು," ಅಂದರು.

ಲೈಬ್ರರಿಯವರು ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ಮನೆಗೆ ಕೊಟ್ಟಿದ್ದಾರೆ. ಹೊಲಿಗೆ ಮೆಷಿನ್ ಸರಿಸಿ ಜಾಗ ಮಾಡಿದೆ.

ಫೆಬ್ರವರಿ 11, ಮಧ್ಯಾಹ್ನ

ನಾಲ್ಕು ಚೌಕ. ಒಂದರಲ್ಲಿ ನೀರಿನ ಲೋಟ. ಎರಡು ಫ್ಯಾನು. ಮೂರು ದಿಂಬು. ನಾಲ್ಕು ಬಕೆಟ್ಟು, ಅಂದರೆ ಬಚ್ಚಲು. ಸರಿಯಾದ ಕೀಗೆ ಸಣ್ಣ ಬೀಪ್. ಬೇರೆ ಏನು ಒತ್ತಿದರೂ ಒರಟು ಬೀಪ್, ಮತ್ತೆ ಮೊದಲಿನಿಂದ.

ಅಕ್ಕ ತುಂಬ ಹೊತ್ತು ನೋಡಿದಳು. ಒಂದು ಒತ್ತಿದಳು. ನೀರು ಕೊಟ್ಟೆ. ಐದು ತಿಂಗಳಲ್ಲಿ ಮೊದಲ ಸಲ ತಾನೇ ಕೇಳಿ ಕುಡಿದಳು. ಆಮೇಲೆ ಎರಡು. ಫ್ಯಾನ್ ಹಾಕಿದೆ. ಮತ್ತೆ ಎರಡು. ಆರಿಸಿದೆ. ಮತ್ತೆ ಎರಡು! "ಏನಕ್ಕ, ನನ್ನನ್ನ ಆಟ ಆಡಿಸ್ತಿದ್ದೀಯಾ?" ತುಟಿಯ ಎಡತುದಿ ಮೇಲಕ್ಕೆ ಹೋಯಿತು. ಆಡಿಸುತ್ತಿದ್ದಳು.

ಫೆಬ್ರವರಿ 12

ಬರೆದೇಬಿಡುತ್ತೇನೆ. ಓದುವವರು ಯಾರಿದ್ದಾರೆ.

ಅಕ್ಕನಿಗೆ ಸ್ಟ್ರೋಕ್ ಆದ ದಿನ. ಬ್ಯಾಂಡಿನವರ ಕೋಟುಗಳು. ಸಂಜೆಯೊಳಗೆ ಕೊಡಬೇಕು. ಕತ್ತರಿಸುವುದು ನಾನು, ಹೊಲಿಯುವುದು ಅಕ್ಕ. ಅದಕ್ಕೇ ಅವಳ ಬಾಯಲ್ಲಿ ನಾನು ಕತ್ತರಿ. ಬೆಳಿಗ್ಗೆ ಒಂಬತ್ತಕ್ಕೆ ಅಂದಳು, "ಕತ್ತರೀ, ಬಲಗೈ ಜೋಮು ಹಿಡಿದಂಗಿದೆ ಕಣೇ."

"ಎಂಟೇ ಕೋಟು ಅಕ್ಕ. ಮುಗಿಸಿಬಿಡು, ಆಮೇಲೆ ಕೈ ನೀವಿ ಕೊಡ್ತೀನಿ."

ಐದು ಮುಗಿಸಿದಳು. ಆರನೆಯದರ ಹೊಲಿಗೆ ಸೊಟ್ಟ. ಅಕ್ಕನ ಕೈಯಲ್ಲಿ ಸೊಟ್ಟ ಹೊಲಿಗೆ! ಅರ್ಥವಾಗಬೇಕಿತ್ತು. ನಾನು ಬೈದೆ. ಬಿಚ್ಚಿ ಹೊಲಿ ಅಂದೆ. ಮಧ್ಯಾಹ್ನ ಒಂದು ಗಂಟೆಗೆ ಮೆಷಿನ್ ಮೇಲೆ ಒರಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ — ಯಾವಾಗ ಶುರುವಾಯಿತು? "ಈಗ ತಾನೇ ಡಾಕ್ಟ್ರೇ," ಅಂದೆ. ನಿಜ ಗೊತ್ತಿರುವುದು ಅಕ್ಕನೊಬ್ಬಳಿಗೆ. ಅವಳಿಗೆ ಮಾತಿಲ್ಲ.

ಫೆಬ್ರವರಿ 16

ಕ್ಲಾಸು. ಒತ್ತಿದ ಕೀಗಳನ್ನೆಲ್ಲ ಸಾಲಾಗಿ ಫೈಲಿಗೆ ಇಳಿಸುವುದು. ಹೋಂವರ್ಕ್. ಎಲ್ಲ ಪ್ರೋಗ್ರಾಮಿಗೂ ಸೇರಿಸಿ, ಫ್ಲಾಪಿಯಲ್ಲಿ ತರಬೇಕಂತೆ.

ಫೆಬ್ರವರಿ 19

ಅಕ್ಕನನ್ನು ಒಂದು ಮಾತು ಕೇಳಬೇಕು. ನಾವು ಕಲಿಯುತ್ತಿರುವ ಈ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಗೆ ಕನ್ನಡ ಅಕ್ಷರ ಗೊತ್ತಿಲ್ಲ. ಅಕ್ಕನಿಗೆ ಇಂಗ್ಲಿಷ್ ಗೊತ್ತಿಲ್ಲ. ಆದ್ದರಿಂದ ಅಕ್ಷರವನ್ನೂ ಚಿತ್ರದ ಹಾಗೇ ಬಿಡಿಸಬೇಕು, ವೃತ್ತದ ತುಂಡು ತುಂಡು ಜೋಡಿಸಿ. ಚೌಕದ ಹಾಳೆಯಲ್ಲಿ ಪ್ಯಾಟರ್ನ್ ಹಾಕಿದೆ. 'ಇಲ್ಲ' — ಹತ್ತೊಂಬತ್ತು ಸಾಲು, ಚೆನ್ನಾಗಿ ಕೂತಿತು. ಅದು ಒಂದನೇ ಚೌಕ. ಎರಡನೆಯದರಲ್ಲಿ 'ಹೌದು' ಬರಬೇಕು. ಅದರ ಕೊಂಬು ಯಾಕೋ ಕೂಡುತ್ತಲೇ ಇಲ್ಲ. ಖಾಲಿ ಬಿಟ್ಟಿದ್ದೇನೆ. ನಾಳೆ ನೋಡೋಣ.

ಫೆಬ್ರವರಿ 20

ತಡೆಯಲಾಗಲಿಲ್ಲ. ಇದ್ದ ಹಾಗೇ ಹಾಕಿ ಕೇಳಿಬಿಟ್ಟೆ. "ಅಕ್ಕಾ... ನನ್ನ ಮೇಲೆ ಕೋಪಾನಾ?" ಮೊದಮೊದಲು ಅವಳ ಕೈ ಜಾರಿತು. ಆಮೇಲೆ — ಒಂದು. ಇಲ್ಲ! ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಎದೆ ಹಗುರ.

ಫೆಬ್ರವರಿ 23, ಸಂಜೆ

ಟೀಚರ್ ಫ್ಲಾಪಿ ಹಾಕಿ ನನ್ನ 20ನೇ ತಾರೀಕಿನ ಫೈಲು ತೆಗೆದರು. ಎಲ್ಲರೂ ನೋಡುತ್ತಿದ್ದರು. ಹನ್ನೊಂದು ಸಲ 2. ಕೊನೆಗೆ ಒಂದೇ ಒಂದು 1.

"ಎರಡಕ್ಕೆ ನೀವು ಉತ್ತರಾನೇ ಬರೆದಿಲ್ವಲ್ಲ?" ಎಂದರು ಟೀಚರ್.

"ಕೊಂಬು ಕೂಡ್ಲಿಲ್ಲ..."

ಪೋಸ್ಟ್‌ಮ್ಯಾನ್ ಕನ್ನಡಕ ಏರಿಸಿ ಬಗ್ಗಿದರು. "ಪಾಪ, ಯಾರೋ ಹನ್ನೊಂದು ಸಲ ಬಾಗಿಲು ತಟ್ಟಿದ್ದಾರೆ ಕಣಮ್ಮ. ನೀವು ಒಳಗಿದ್ದೂ ತೆಗೆದಿಲ್ಲ." ತಮಾಷೆಗೇ ಹೇಳಿದ್ದು. ಬ್ಯಾಗು ತೆಗೆದುಕೊಂಡು ಎದ್ದು ಬಂದೆ.

ಅಕ್ಕನ ಕೈ ಜಾರಲಿಲ್ಲ. ಸುಳ್ಳು ಬರೆದಿದ್ದೇನೆ. ಪ್ರತಿ ಸಲವೂ ಅವಳ ಬೆರಳು ಆ ಖಾಲಿ ಚೌಕದ ಕೀಗೇ ಹೋಗುತ್ತಿತ್ತು. ನೋಡುತ್ತಾ ಕೂತಿದ್ದೆ. ಹನ್ನೆರಡನೆಯ ಸಲ ಆ ಬೆರಳನ್ನು ಹಿಡಿದು ಒಂದರ ಮೇಲಿಟ್ಟು ಒತ್ತಿದ್ದು ನಾನು. ನನಗೆ ನಾನೇ ಕ್ಷಮೆ ಕೊಟ್ಟುಕೊಂಡು ಅವಳ ಮಡಿಲಲ್ಲಿ ಅತ್ತೆ. ಥೂ.

ಮಾರ್ಚ್ 9

ಕ್ಲಾಸಿಗೆ ಹೋಗಿಲ್ಲ. ಕಂಪ್ಯೂಟರ್ ಮೇಲೆ ಅಸ್ತರಿನ ಬಟ್ಟೆ ಹೊದಿಸಿಟ್ಟಿದ್ದೆ. ಎರಡು ವಾರದಿಂದ ಅಕ್ಕ ಏನೂ ಕೇಳಿಲ್ಲ. ಕೇಳಲು ನಾನು ಬಿಟ್ಟರೆ ತಾನೆ? ಇವತ್ತು ನೋಡುತ್ತೇನೆ, ಅವಳ ತುಟಿ ಒಣಗಿ ಸಿಪ್ಪೆ ಎದ್ದಿದೆ. ನನ್ನ ನಾಚಿಕೆಗೆ ಅವಳ ನೀರನ್ನೂ ಕಟ್ಟಿಹಾಕಿದ್ದೆ.

ಬಟ್ಟೆ ತೆಗೆದೆ. 'ಹೌದು' ಬಿಡಿಸಿದೆ. ಮೂವತ್ತೊಂದು ಸಾಲು. ಒಂದೂವರೆ ಗಂಟೆ ಹಿಡಿಯಿತು, ಅಷ್ಟೇ. ಕೊಂಬು ಕೂಡಿತು. ಅವತ್ತೂ ಕೂಡುತ್ತಿತ್ತು.

ಮಾರ್ಚ್ 10, ಬೆಳಿಗ್ಗೆ 10

ಮೊದಲು ಎಲ್ಲ ಹೇಳಿದೆ. ಆರನೇ ಕೋಟು. ಡಾಕ್ಟರಿಗೆ ಹೇಳಿದ ಸುಳ್ಳು. ಬೆರಳು ಹಿಡಿದದ್ದು. ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತೆ.

"ಅಕ್ಕಾ, ನನ್ನ ಮೇಲೆ ಕೋಪಾನಾ?"

ಕಾಯಿಸಲಿಲ್ಲ. ಎರಡು. ಸಣ್ಣ ಬೀಪ್. 'ಹೌದು' ಬೆಳಗಿತು.

ನೋವಾಯಿತು. ಆದರೂ ಅವಳು ಉಸಿರು ಬಿಟ್ಟದ್ದು ಕೇಳಿಸಿತು, ಉದ್ದಕ್ಕೆ, ತುಂಬಿದ ಗಂಟೊಂದನ್ನು ಕೆಳಗಿಳಿಸಿದವರ ಹಾಗೆ. ಪರದೆ ತಾನಾಗಿ ನಾಲ್ಕು ಚಿತ್ರಕ್ಕೆ ಮರಳಿತು. ನಾನು ಪೆದ್ದಿಯಂತೆ ನಿಂತೇ ಇದ್ದೆ. ಬೀಪ್. ಒಂದು.

"ನೀರಾ ಅಕ್ಕ? ನನ್ನ ಕೈಲಾ?"

ಮತ್ತೆ ಒಂದು. ಲೋಟ ತುಂಬ ಕುಡಿದಳು. ಗದ್ದ ಒರೆಸಿದೆ. ಮುಖ ಗಂಟು ಹಾಕಿಕೊಂಡೇ ಒರೆಸಿಸಿಕೊಂಡಳು.

ಈಗ ಅವಳ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನಾಳೆ ಆಸ್ಪತ್ರೆಗೆ ಹೋಗುವುದಿದೆ. ಡಾಕ್ಟರಿಗೆ ಹೇಳಬೇಕು, ಈಗ ತಾನೇ ಅಲ್ಲ, ಬೆಳಿಗ್ಗೆ ಒಂಬತ್ತ

ಬೀಪ್. ಎರಡು. ಫ್ಯಾನ್ ಹಾಕಿ ಬಂದೆ. ಮತ್ತೆ ಎರಡು. ಆರಿಸಿ ಬಂದೆ. ಮತ್ತೆ ಎರಡು! ಬೇಕೆಂದೇ ಏಳಿಸುತ್ತಿದ್ದಾಳೆ. ಏಳಿಸಲಿ. ಹನ್ನೊಂದು ಸಲವಾದರೂ —