ತುಕ್ಕು ಹಿಡಿಸಿದ ರಾಡು

ರಾಣೆಬೆನ್ನೂರು
9 ಡಿಸೆಂಬರ್ 2005

ಗೆಳೆಯಾ ಹನೀಫ,

ನಾವಿಲ್ಲಿ ಉಂಡುಟ್ಟು ಇದ್ದೇವಿ. ಸೊಲ್ಲಾಪುರದಾಗ ನೀವೆಲ್ಲಾ ಸುಖದಿಂದ ಇರ್ರಿ ಅಂತ ಬರಿಯಾಕ ಹೊಂಟ್ರ ನನಗ ನಾಚಿಕಿ ಬರತೈತಿ. ನಿನ್ನ ಪತ್ರ ಬಂದು ತಿಂಗಳ ಮ್ಯಾಲಾತು. ಇಪ್ಪತ್ತು ವರ್ಷ ಒಂದ ಗ್ಯಾರೇಜ ಶೆಡ್ಡಿನ್ಯಾಗ ಕೂಡಿ ದುಡದವ ಒಂದು ಉತ್ತರ ಬರಿಯವಲ್ಲ ಅಂತ ಬೈತಿರಬೇಕು. ಬೈಯಿ. ನಿನ್ನ ತಮ್ಮ ನಾಸೀರನ ನಲವತ್ತನೇ ದಿನದ ಫಾತೆಹಾಕ್ಕ ಅವನ ಮನಿ ಬಾಗಲತನಕ ಬಂದಿದ್ದೆ. ಹೊರಗ ನಿನ್ನ ಚಪ್ಪಲಿ ಕಂಡು ಹಂಗ ಹೊಳ್ಳಿ ಬಂದೆ.

ನೀ ಎರಡು ಮಾತು ಕೇಳೀದಿ. ನಾಸೀರ ಓಡಿಸಿದ ಗಾಡ್ಯಾಗ ಏನರ ದೋಷ ಇತ್ತೇನು? ಅಂವ ಹುಚ್ಚನಂಗ ಜೋರ ಓಡಿಸಿ ಸತ್ತಾ ಅನ್ನೂ ಮಾತು ಮೊದಲ ಯಾರ ಬಾಯಿಂದ ಬಂತು? ಆ ಮಾತಿನಿಂದ ನಾಸೀರನ ಹೇಣ್ತಿ ಮಹಮೂದಾಬೇಗಂ ಓಣ್ಯಾಗ ತಲಿ ಎತ್ತಿ ನಡಿಯದಂಗ ಆಗೇತಿ ಅಂತ ಬರದೀದಿ. ನನಗೂ ಗೊತ್ತೈತಿ. "ಮನಿ ಮಕ್ಕಳ ನೆನಪಿದ್ರ ಹಂಗ ಓಡಸ್ತಿದ್ನೇನು" ಅಂತ ನಳದ ಹತ್ರ ಆಕಿ ಮುಂದನ ಅಂತಾರಂತ. ನನ್ನಾಕಿ ಫಕ್ಕೀರವ್ವ ಕೇಳಿಬಂದು ಒಲಿ ಮುಂದ ಕುಂತು ಅತ್ಲು.

ಮೊದಲನೇದು ಹೇಳತೇನಿ, ಪೂರಾ ಕೇಳು.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ ಸಿದ್ದಲಿಂಗೇಶ ತಮ್ಮಪ್ಪನ ಕಾಲದ ಕಾರು ತಂದು ಬಿಟ್ಟಿದ್ರು. ಹುಬ್ಬಳ್ಳ್ಯಾಗ ಹಳೇ ಗಾಡಿಗಳ ಪ್ರದರ್ಶನಕ್ಕ ಒಯ್ಯಬೇಕಾಗಿತ್ತು. "ಕೆಟ್ಟದ್ದು ಬದಲ ಮಾಡ್ರಿ, ಆದ್ರ ಅಡ್ಯಾಗ ಬಗ್ಗಿ ನೋಡಿದ್ರೂ ಹೊಸಾದು ಅಂತ ಗೊತ್ತಾಗಬಾರದು" ಅಂದ್ರು. ಇಂಥಾ ಮಾತು ಕೇಳಿದ್ರ ನಾ ಎಷ್ಟು ಉಬ್ಬತೇನಿ ನಿನಗ ಗೊತ್ತಲ್ಲ. ಸ್ಟೇರಿಂಗ್ ರಾಡಿಗೆ ಕೂದಲೆಳಿಯಷ್ಟು ಬಿರುಕು ಬಿದ್ದಿತ್ತು, ಅದನ್ನ ಕಂಡುಹಿಡದಾಂವನೂ ನಾಸೀರನ. ಲೇಥಿನ್ಯಾಗ ಅಂಥಾದ್ದ ಹೊಸಾದು ಮಾಡಿಸಿದೆ. ಕಾಸಿ ಸುಟ್ಟ ಎಣ್ಣ್ಯಾಗ ಅದ್ದಿ, ಉಪ್ಪು ಬೂದಿ ಕಲಿಸಿದ ಹಸಿ ಮಣ್ಣಾಗ ಹನ್ನೊಂದು ದಿನ ಹುಗದೆ. ತಗದು ಗೋಣಿತಾಟಿಲೆ ತಿಕ್ಕಿ, ಗ್ರೀಸಿನ್ಯಾಗ ರಸ್ತೆ ಧೂಳು ಕಲಿಸಿ ಬಳದೆ. ಐವತ್ತು ವರ್ಷದ ಕಬ್ಬಿಣ ಅನ್ನಬೇಕು, ಹಂಗ ಆಗಿತ್ತು.

ನೀ ಇದ್ದಾಗ ಹಳೇ ಸಾಮಾನ ಬಿಚ್ಚಿದ ಕೂಡ್ಲೆ ಅದರ ಮ್ಯಾಲ ಸುಣ್ಣದ ಗೆರಿ ಎಳೀತಿದ್ದಿ. ನಾಸೀರನೂ ಎಳದಿದ್ದ. ನಾ ಮೂರ್ಖ, ಅದನ್ನ ಒರಿಸಿದೆ! ಹಳೇದಕ್ಕೂ ಅದ ಗ್ರೀಸು ಬಳದು, ಸಿದ್ದಲಿಂಗೇಶ ಬಂದಾಗ ಎರಡೂ ರಾಡು ಚೀಲದ ಮ್ಯಾಲ ಅದಲಬದಲ ಮಾಡಿ ಇಟ್ಟೆ. "ನಿಮ್ಮಪ್ಪಾರ ಕಾಲದ್ದು ಯಾವುದು ಹೇಳ್ರಿ ನೋಡೂಣು" ಅಂದೆ. ಅವರು ಎಡಕಿಂದು ಮುಟ್ಟಿದ್ರು. ನಾ ಚಪ್ಪಾಳಿ ಹೊಡದು ನಕ್ಕೆ. "ಸೋತ್ರಿ ಸಾಹುಕಾರ್ರ! ಅದು ನಾ ಮಾಡಿದ್ದು." "ಅಣ್ಣಾ, ಒಮ್ಮೆ ಸೀಮಿಎಣ್ಣಿಲೆ ತೊಳದು ನೋಡೂಣು" ಅಂದ ನಾಸೀರ. "ನನ್ನ ಕೈಕೆಲಸ ನನಗ ಗುರುತ ಸಿಗೂದಿಲ್ಲೇನಲೇ" ಅಂತ ಗಿರಾಕಿ ಮುಂದ ಅವಗ ಬೈದು, ಅವರು ಮುಟ್ಟಿದ ರಾಡನ್ನ ನಾನ ಕುಂದ್ರಿಸಿದೆ.

ಅವರು ಸೋತಿರಲಿಲ್ಲ ಹನೀಫ. ಖರೇನ ಅದು ಅವರಪ್ಪನ ಕಾಲದ್ದು.

ಮರುದಿನ ಬ್ಯಾಡಗಿಂದ ಕಾಗಿನೆಲಿ ರಸ್ತ್ಯಾಗ ಓಡಿಸಿ ನೋಡಾಕ ಹೋದ್ವಿ. ಕಾರಿನ್ಯಾಗ ನಾಸೀರ ಒಬ್ಬನ, ಹಿಂದ ಜೀಪಿನ್ಯಾಗ ನಾನು, ಸಿದ್ದಲಿಂಗೇಶ. ರಸ್ತೆ ತಿರುಗಿತು, ಗಾಡಿ ತಿರುಗಲಿಲ್ಲ. ಸೀದಾ ಹುಣಸಿ ಗಿಡಕ್ಕ ಹೋತು. ಅಂವ ಜೋರ ಓಡಿಸಿರಲಿಲ್ಲೋ, ಚಕ್ಕಡಿ ದಾಟಿಸಿ ಆಗಷ್ಟ ಗೇರ ಬದಲಿಸಿದ್ದ.

ಅವಗ ಮಣ್ಣು ಕೊಟ್ಟ ಮರುದಿನ, ಶೆಡ್ಡಿನ್ಯಾಗ ಉಳದ ರಾಡನ್ನ ಸೀಮಿಎಣ್ಣಿಲೆ ತೊಳದೆ. ತುಕ್ಕೆಲ್ಲಾ ಇಳದು ಹೋತು. ಒಳಗ ಲೇಥಿನ ಹೊಳಪು ಹಂಗ ಇತ್ತು.

ಅವತ್ತಿಂದ ಶೆಡ್ಡು ಮುಚ್ಚೇನಿ. ಆದ್ರೂ ಹಾಡಹಗಲ, ಊಟಕ್ಕ ಕುಂತಾಗ, ಗೋಣಿತಾಟಿಲೆ ಕಬ್ಬಿಣ ತಿಕ್ಕೂ ಸಪ್ಪಳ ಕೇಳತೈತಿ, ಸರ್ ಸರ್ ಅಂತ. ಫಕ್ಕೀರವ್ವಗ ಕೇಳೂದಿಲ್ಲ. ಕೀಲಿ ತಗದು ಒಳಗ ಹೋದ್ರ ಸಪ್ಪಳ ನಿಂದರತೈತಿ, ಬೆನ್ನ ಹಿಂದ ಯಾರೋ ಉಸರ ಬಿಟ್ಟಂಗ ಆಗತೈತಿ. ಎರಡ ಸಲ "ನಾಸೀರಾ" ಅಂತ ಕರದೇನಿ. ಮನ್ಯಾಗ ಹೊಸಾ ತಾಟು, ಹೊಸಾ ಬಕೀಟು ಕಂಡ್ರೂ ಇದು ಖರೇ ಹೊಸಾದೇನು ಅಂತ ಉಗುರಿಲೆ ಕೆರೀತೇನಿ. ನನ್ನಾಕಿ ಹೆದರ್ಯಾಳ, ಮೈಲಾರಕ್ಕ ಹೋಗಿ ಬರೂಣು ಅಂತಾಳ. ಅಲ್ಲಿ ಹೋಗಿ ಏನಂತ ಬೇಡ್ಕೊಳ್ಲಿ?

ಊರಿಗೆ ಬಂದು ಈ ಪತ್ರ ಮಹಮೂದಾಗ ಓದಿ ಹೇಳು, ಓಣಿ ಮಂದಿಗೆ ತೋರಸು, ಬೇಕಂದ್ರ ಪೊಲೀಸರಿಗೆ ಕೊಡು. ಸಿದ್ದಲಿಂಗೇಶಗೂ ಬರದೇನಿ. ನಾ ಎಲ್ಲೂ ಓಡಿ ಹೋಗೂದಿಲ್ಲ.

ನಿನ್ನ ಮನಿಯಾಕಿಗೆ ನಮಸ್ಕಾರ ಹೇಳು. ಮೊಮ್ಮಕ್ಕಳಿಗೆ ಆಶೀರ್ವಾದ, ಚೊಲೋ ಓದ್ಲಿ, ನೂರು ವರ್ಷ ಬಾಳ್ಲಿ. ನನ್ನ ಆಶೀರ್ವಾದ ಬ್ಯಾಡ ಅನಿಸಿದ್ರ ಇದು ಫಕ್ಕೀರವ್ವಂದು ಅಂತ ಹೇಳು.

ನಿನ್ನವ ಅಂತ ಬರಿಯಾಕ ಧೈರ್ಯ ಇಲ್ಲದ
ಅಂದಾನೆಪ್ಪ

ತಾ.ಕ.: ಎರಡನೇ ಮಾತಿಗೆ ಉತ್ತರ ಬರೀದನ ಲಕೋಟಿ ಅಂಟಿಸಿದ್ದೆ. ಹರದು ಮತ್ತ ಬರಿಯಾಕತ್ತೇನಿ. ನಾ ಜೀಪಿಂದ ಇಳದು ಕಾರಿನ ಹತ್ರ ಓಡಿದಾಗ ನಾಸೀರಗ ಇನ್ನೂ ಜೀವ ಇತ್ತು. ಅವನ ತಲಿ ನನ್ನ ತೊಡಿ ಮ್ಯಾಲ ಇಟ್ಕೊಂಡೆ. ಮಂದಿ ಕೂಡಿದ್ರು. "ಏನಾತ್ರೀ ಇದು?" ಅಂತ ಸಿದ್ದಲಿಂಗೇಶ ನನ್ನ ಮಾರಿ ನೋಡಿದ್ರು. ರಾಡು ಇನ್ನೂ ತೊಳದು ನೋಡಿರಲಿಲ್ಲ ಖರೇ, ಆದ್ರ ನನ್ನ ಮನಸಿಗೆ ಗೊತ್ತಾಗಿಬಿಟ್ಟಿತ್ತು. ಎಲ್ಲಾರೂ ಕೇಳೂವಂಗ "ಅಂವ ಹುಚ್ಚನಂಗ ಜೋರ ಓಡಿಸಿದಾ ರೀ" ಅಂದೆ. ಅದನ್ನ ನಾಸೀರನೂ ಕೇಳಿದ. ನನ್ನ ಕೈ ಹಿಡಕೊಂಡು "ತಪ್ಪಾತಣ್ಣಾ" ಅಂದ. ಮತ್ತ ಮಾತಾಡಲಿಲ್ಲ.